ನಾಡಿ ಏಳುವವರೆಗೆ

ಮಹದೇವಮ್ಮ ಇಂದುಧರನ ಎಡಗೈಯ ಮಣಿಕಟ್ಟು ಹಿಡಿದು ಕೂತಾಗ ಜಾವಗಲ್ಲಿನ ಆ ನಡುಮನೆಯಲ್ಲಿ ಗಾಳಿಯೂ ಚಪ್ಪಲಿ ಹೊರಗೆ ಬಿಟ್ಟು ಬಂದು, ಉಸಿರು ಬಿಗಿಹಿಡಿದು ಒಂದು ಮೂಲೆಯಲ್ಲಿ ನಿಂತಿತು. ಎಂಬತ್ತು ದಾಟಿದ ಮುದುಕಿಯ ಬೆರಳೆಂದರೆ ಒಣಗಿದ ಕಡ್ಡಿಯಂತಿರುತ್ತದೆಂದು ಅವನು ಎಣಿಸಿದ್ದ; ಇವು ಇಕ್ಕಳ. ಎತ್ತಿಗೆ ಲಾಳ ಕಟ್ಟುವವನು ಬಂದು ಎಳೆದರೂ ಬಿಡುವಂಥವಲ್ಲ. ಆಕೆ ಅವನ ಮುಖ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಹಣೆಯ ವಿಭೂತಿಯ ಪಟ್ಟೆಗಳನ್ನು ತುಸು ಮೇಲೆತ್ತಿ, ತಲೆಯನ್ನು ಬಲಕ್ಕೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಹೀಗೇ ತಲೆ ವಾಲಿಸಿ ಆಕೆ ಜೀವಮಾನವಿಡೀ ತೆಂಗಿನಕಾಯಿ ಕುಲುಕಿದ್ದಾಳೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ, ಒಳಗೆ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಯಾರಿಗಾದರೂ ಗೊತ್ತಾಗುತ್ತದೆ. ಮಹದೇವಮ್ಮನಿಗೆ ಮಾತ್ರ ಕುಲುಕದೆಯೇ, ಪಕ್ಕದ ಮನೆಯ ಅಟ್ಟದ್ದೂ ಸೇರಿ ಗೊತ್ತಾಗುತ್ತದೆಂದು ಅರಸೀಕೆರೆಯ ಮಂಡಿಯವರೆಗೆ ಮಾತಿತ್ತು. ಈಗ ಆಕೆ ಅವನನ್ನು ಕುಲುಕುತ್ತಿರಲಿಲ್ಲ. ಹಿಡಿದಿದ್ದಳು, ಅಷ್ಟೆ. ಮೊಮ್ಮಗಳು ಹೇಮಲತಾ ಒಳಗಿನಿಂದ ಕಾಫಿ ತರುವವರೆಗೆ, ತಂದು ಕೊಟ್ಟು ಕೂರುವವರೆಗೆ, ಈ ಹಿಡಿತ ಬಿಡುವುದಿಲ್ಲ.

ಇಂದುಧರನ ಹೃದಯವೂ ಅಂತಿಂಥದಲ್ಲ. ಅರಸೀಕೆರೆ ತಾಲ್ಲೂಕಿನಲ್ಲಿ, ಬೇಕಾದರೆ ಬೇಲೂರನ್ನೂ ಸೇರಿಸಿಕೊಳ್ಳಿ, ಅಷ್ಟು ಸಾವಧಾನದ ಹೃದಯ ಇನ್ನೊಂದಿರಲಿಲ್ಲ. ಅದರ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಜಾವಗಲ್ಲಿನಿಂದ ಬಸ್ಸು ಹೊರಟು ಬಾಣಾವರ ಮುಟ್ಟಿ, ಡ್ರೈವರು ಟೀ ಕುಡಿದು ಲೋಟ ಕೆಳಗಿಡಬಹುದಿತ್ತು. ಹೈಸ್ಕೂಲಿನ ದಿನಗಳಿಂದ ಓಡಿ ಓಡಿ ಸಂಪಾದಿಸಿದ ಆಸ್ತಿ ಅದು. ಮೈಸೂರಿನ ಹಾಸ್ಟೆಲಿನಲ್ಲಿ ಹೊಸಬರು ಬಂದರೆ ಸಾಕು, ಕೈ ಮುಂದೆ ಚಾಚಿ, ‘ನೋಡು, ಹುಡುಕು, ಸಿಕ್ಕರೆ ಹೇಳು’ ಎನ್ನುತ್ತಿದ್ದ. ಒಬ್ಬ ಹುಡುಕಿ ಹುಡುಕಿ ಸುಸ್ತಾಗಿ, ಇವನು ತೀರಿಕೊಂಡಿದ್ದಾನೆಂದು ವಾರ್ಡನ್ನಿಗೆ ಹೇಳಲು ಓಡಿದನೆಂಬುದು ಇಂದುಧರನೇ ಹಬ್ಬಿಸಿದ ಕಥೆ. ಸೋದರಮಾವ ನಂಜುಂಡಯ್ಯ ಈ ಸಂಬಂಧ ತಂದು, ‘ಆ ಮನೇಲಿ ಒಂದು ಪದ್ಧತಿ ಐತೆ ಕಣೋ, ಅಜ್ಜಿ ಹುಡುಗನ ನಾಡಿ ನೋಡ್ತಾಳೆ’ ಎಂದಾಗ ಅವನು ನಕ್ಕೇ ನಕ್ಕ. ನೋಡಲಿ. ಇಂಥ ನಾಡಿಯನ್ನು ಹೊಯ್ಸಳರ ಕಾಲದಿಂದ ಈಚೆಗೆ ಯಾರೂ ಮುಟ್ಟಿರಲಾರರು. ಇನ್ನೂ ನಿಧಾನವಾಗಲಿ ಎಂದು ವಾರದಿಂದ ಓಟ ಹೆಚ್ಚಿಸಿದ್ದ. ಇವತ್ತು ಬೆಳಗ್ಗೆಯೂ ಮಾಲೇಕಲ್ಲು ತಿರುಪತಿಯ ಮೆಟ್ಟಿಲು ಹತ್ತಿಳಿದು, ಮದುವೆಗೆ ಮುಂಚೆ ಹುಡುಗಿಯರು ಮುಖಕ್ಕೆ ಅರಿಶಿನ ಹಚ್ಚಿಕೊಳ್ಳುವ ಹಾಗೆ, ಹೃದಯಕ್ಕೆ ಸಿಂಗಾರ ಮಾಡಿಕೊಂಡು ಬಂದಿದ್ದ.

ಕಾಲು ತೊಳೆಯುವಾಗ ಮಾವ ಸಿಂಗಾರವನ್ನೆಲ್ಲ ಒಂದೇ ಚೊಂಬು ನೀರಿನಲ್ಲಿ ತೊಳೆದುಬಿಟ್ಟ. ಅಮ್ಮ ದ್ರಾಕ್ಷಾಯಣಿ ಆಗಲೇ ಹೆಂಗಸರ ಜೊತೆ ಒಳಗೆ ಹೋಗಿದ್ದಳು. ‘ಹುಡುಗಿ ಬಂದಾಗ ಚೆನ್ನಾಗಿ ತಲೆ ಎತ್ತಿ ನೋಡು’ ಎಂದ ಮಾವ, ಪಂಚೆಯ ತುದಿಯಿಂದ ಕಾಲೊರೆಸಿಕೊಳ್ಳುತ್ತ. ‘ನೋಡಿದ್ರೇನೇ ನಾಡಿ ಏಳೋದು.’

‘ಏಳೋದಾ? ಯಾಕೆ ಏಳಬೇಕು?’

‘ಮತ್ತಿನ್ನೇನೋ! ಹುಡುಗಿ ಕಂಡಾಗ ಹುಡುಗನ ನಾಡಿ ಎದ್ರೆ ಮನಸೈತೆ ಅಂತ. ಏಳ್ಲಿಲ್ಲಾಂದ್ರೆ ಅಪ್ಪ ಅಮ್ಮನ ಬಲವಂತಕ್ಕೆ ಬಂದವ್ನೆ ಅಂತ. ಎದ್ದು ಹೋಗು ಅಂತಾಳೆ.’

‘ಮಾವ, ಆರೋಗ್ಯ ನೋಡೋಕೆ ಅಂದ್ರಲ್ಲ ನೀವು?’

‘ಆರೋಗ್ಯ ನೋಡೋಕೆ ಡಾಕ್ಟ್ರು ಸತ್ತೋಗವ್ರೇನೋ? ಆಯಮ್ಮನ ತಂಗೀನ ಕಡೂರ್ ಕಡೆಗೆ ಕೊಟ್ಟಿದ್ರಂತೆ. ಆ ಗಂಡ ಸಾಯೋಗಂಟ ಅವಳ ಮುಖ ನೆಟ್ಟಗೆ ನೋಡ್ಲಿಲ್ಲವಂತೆ. ಅವತ್ತಿಂದ ಆಯಮ್ಮ ಮಾತು ನಂಬಲ್ಲ, ಜಾತಕ ನಂಬಲ್ಲ, ಕೈ ಹಿಡ್ದು ನೋಡ್ತಾಳೆ. ಇನ್ನೊಂದು ಕೇಳು’ ಎಂದು ಮಾವ ದನಿ ತಗ್ಗಿಸಿ ಅವನ ತೋಳನ್ನು ಹಿಂಡಿದ. ‘ಇಲಿ ಕೊಯ್ಯೋ ವಿಷ್ಯ ಬಾಯಿ ಬಿಟ್ಟೀಯಾ, ಕಾಲು ಮುರೀತೀನಿ. ಈ ಮನೇಲಿ ಅಟ್ಟದ ಇಲೀನೂ ಬೋನಲ್ಲಿ ಹಿಡ್ದು ಕೆರೆ ಆಚೆ ಬಿಟ್ಟು ಬತ್ತಾರೆ. ಕೊಬ್ರಿ ತಿಂದ ಇಲೀನ! ತಿಳೀತಾ?’

ತಿಳಿದಿತ್ತು. ತಿಳಿದದ್ದರಿಂದಲೇ ಈಗ ಪ್ಲಾಸ್ಟಿಕ್ ಹೆಣೆದ ಕುರ್ಚಿಯ ಮೇಲೆ, ಒಂದು ಕೈಯನ್ನು ಮುದುಕಿಗೆ ಒತ್ತೆಯಿಟ್ಟು, ಇನ್ನೊಂದು ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕೂತಿದ್ದ. ಕುರ್ಚಿಯ ಹಿಂದೆ ಗೋಡೆ, ಬಲಕ್ಕೆ ಛಾವಣಿ ಮುಟ್ಟುವಂತೆ ಪೇರಿಸಿದ ಕಾಯಿ ಮೂಟೆ, ಎಡಕ್ಕೆ ಮಹದೇವಮ್ಮ, ಎದುರಿಗೆ ಹುಡುಗಿಯ ತಂದೆ ಮರುಳಪ್ಪ, ಆತನ ಬೆನ್ನಿಗೆ ಬಾಗಿಲು. ಇಡೀ ಕೋಣೆ ಕೊಬ್ಬರಿಯ ಜಿಡ್ಡು ವಾಸನೆಯಿಂದ ನುಣ್ಣಗಾಗಿತ್ತು. ಎಲ್ಲಿ ಉಗುರು ಊರಿದರೂ ಜಾರುತ್ತದೆ ಅನಿಸಿತು ಅವನಿಗೆ. ಮೈಸೂರಿನ ಲ್ಯಾಬಿನ ಆ ದೊಡ್ಡ ತೊಟ್ಟಿಯ ಗೋಡೆಗಳೂ ಹೀಗೇ ನುಣ್ಣಗಿದ್ದವು. ಎಲ್ಲೂ ಒಂದು ಅಂಚು ಸಿಗದಂತೆ ಅವನೇ ಆರಿಸಿ ತರಿಸಿದ್ದ. ನೀರು ಉಗುರುಬೆಚ್ಚಗೆ, ತಳ ಕಾಲಿಗೆ ನಿಲುಕದಷ್ಟು ಆಳ. ಇಲಿಗಳು ಜಾಣ ಜಾತಿ. ಕೆಲವು ದಿನ ಕಳೆದ ಮೇಲೆ ರೋಮದೊಳಗೆ ಗಾಳಿ ಹಿಡಿದುಕೊಂಡು, ಈಜದೆ ಸುಮ್ಮನೆ ತೇಲುವುದನ್ನು ಕಲಿತುಬಿಡುತ್ತವೆ. ಆಗ ಒಂದು ತೊಟ್ಟು ಸೋಪು ಬಿಟ್ಟರೆ ರೋಮ ಒದ್ದೆಯಾಗಿ ಮತ್ತೆ ಈಜಲೇಬೇಕು. ಆ ಸೋಪಿನ ಉಪಾಯ ತನ್ನದೇ ಎಂದು ಅವನು ಮೈಸೂರಿನಲ್ಲಿ ಹೇಳಿಕೊಂಡು ತಿರುಗಿದ್ದ. ನಿಜಕ್ಕೂ ಅದು ಎಲ್ಲ ಪುಸ್ತಕಗಳಲ್ಲೂ ಇತ್ತು.

‘ಅಲ್ಲಾ ಕಣ್ರೀ’ ಎಂದ ಮರುಳಪ್ಪ, ಇನ್ನು ತಡೆಯಲಾರದವನಂತೆ. ‘ನಂಜುಂಡಯ್ನೋರು ನೀವು ಹೃದಯದ ಬಗ್ಗೆ ದೊಡ್ಡ ಓದು ಓದ್ತಿದೀರಿ ಅಂದ್ರು. ಅಂದ್ರೆ ಏನ್ ಮಾಡ್ತೀರಿ ದಿನಾ?’

‘ಇಲಿ ಈಜಿಸ್ತೀನಿ.’

ಒಳಮನೆಯ ಬಾಗಿಲ ಹಿಂದೆ ಬಳೆಗಳ ಗೊಂಚಲೊಂದು ಕಿಲಕಿಲ ಎಂದು ತಟ್ಟನೆ ನಿಂತಿತು. ಮರುಳಪ್ಪ ಮಾವನ ಕಡೆ ನೋಡಿದ. ಮಾವ ಛಾವಣಿಯ ಕಡೆ ನೋಡಿದ. ‘ಅದಕ್ಕೆ ಸಂಬಳ ಕೊಡ್ತಾರಾ?’ ಎಂದ ಮರುಳಪ್ಪ, ಮರ್ಯಾದೆ ಕೆಡದಂತೆ.

‘ಕೊಡ್ತಾರೆ ಸರ್. ಫೆಲೋಶಿಪ್ಪು. ಅದು ಹೇಗೆ ಅಂದ್ರೆ, ಹೆದರಿಕೆ ಆಗ್ಲಿ ಆಸೆ ಆಗ್ಲಿ, ಮೈಯೊಳಗೆ ಒಂದು ರಸ ಹರಿದು, ಏಳು, ಓಡು, ಅಂತ ಕೂಗುತ್ತೆ. ಆ ಕೂಗು ಕೇಳಿಸ್ಕೊಳ್ಳೋಕೆ ಹೃದಯದ ಮೇಲೆ, ಕಾಲಿನ ಮಾಂಸಖಂಡದ ಮೇಲೆ ಸಣ್ಣ ಸಣ್ಣ ಕಿವಿಗಳ ಥರ ಇರ್ತವೆ. ರಿಸೆಪ್ಟರ್ ಅಂತಾರೆ. ತಿಂಗಳುಗಟ್ಟಲೆ ಈಜಿಸಿದ್ರೆ, ಓಡಿಸಿದ್ರೆ, ಹೃದಯದಲ್ಲಿ ಆ ಕಿವಿಗಳು ಕಮ್ಮಿ ಆಗ್ತವಾ, ಕಾಲಲ್ಲಿ ಜಾಸ್ತಿ ಆಗ್ತವಾ ಅಂತ ನೋಡೋದು.’ ಉತ್ಸಾಹದಲ್ಲಿ ಹೇಳಿ ಮುಗಿಸಿದ ಮೇಲೆ, ತಾನೇ ತೋಡಿದ ಗುಂಡಿಯ ಆಳ ಕಂಡು ಬಾಯಿ ಮುಚ್ಚಿದ. ತಡವಾಗಿತ್ತು.

‘ಅಂದ್ರೆ ಓಡಿ ಓಡಿ ಎದೆ ಕಿವುಡಾಯ್ತದೆ ಅಂತ’ ಎಂದಳು ಮಹದೇವಮ್ಮ, ಕಣ್ಣು ತೆರೆಯದೆ. ‘ಮಗಾ, ನೀನೂ ಓಡ್ತೀಯಂತಲ್ಲ?’

‘ಅದು ಬರೀ ಇಲಿಗೆ ಕಣಮ್ಮಾರೆ!’ ಎಂದ ನಂಜುಂಡಯ್ಯ, ಕುರ್ಚಿಯಿಂದ ಅರ್ಧ ಎದ್ದು. ‘ಮನುಷ್ಯರಿಗೆ ಹಂಗೆಲ್ಲ ಆಗಲ್ಲ.’

‘ಕಿವಿ ಎದೆಯೊಳಗಿದ್ರೆ ಹೊರಗಿಂದ ಹೆಂಗ್ರೀ ಎಣಿಸ್ತಾರೆ?’ ಎಂದ ಮರುಳಪ್ಪ. ಆತನಿಗೆ ನಿಜವಾಗಿಯೂ ತಿಳಿಯುವ ಆಸೆ ಹುಟ್ಟಿತ್ತು.

‘ಮಿಷಿನ್ನೈತೆ! ಜರ್ಮನೀದು! ಈ ಮನೆಯಷ್ಟು ದೊಡ್ಡದು. ಇಲಿ ಒಂದು ಕಡೆಯಿಂದ ಹೋಯ್ತದೆ, ಇನ್ನೊಂದು ಕಡೆಯಿಂದ ಬತ್ತದೆ, ಚೀಟಿ ಬೀಳ್ತದೆ!’ ಮಾವನ ಸುಳ್ಳಿನ ಗಾತ್ರಕ್ಕೆ ಬೆರಗಾಗಿ ಇಂದುಧರ ತಲೆ ತಗ್ಗಿಸಿದ. ತನ್ನ ಬಡಾಯಿ ಯಾವ ಊಟೆಯಿಂದ ಬಂದದ್ದೆಂದು ಆ ಹೊತ್ತಿನಲ್ಲಿ ಅವನಿಗೆ ಸ್ಪಷ್ಟವಾಗಿ ಕಂಡಿತು. ಮಿಷನ್ನು ಇತ್ತು, ನಿಜ. ಅದಕ್ಕೆ ಮುಂಚೆ ಇಲಿಯ ಕತ್ತಿಗೆ ಇನ್ನೊಂದು ಸಾಧನವಿತ್ತು. ಅಜ್ಜಿಯರು ಅಡಕೆ ಹೋಳು ಮಾಡುವ ಕತ್ತರಿಯನ್ನು ಸಾವಿರ ಪಾಲು ಹಿಗ್ಗಿಸಿದಂತೆ ಇರುವುದು. ಗಿಡ್ಡಯ್ಯ ಅದರ ಮುಂದೆಯೂ ಮೂಗು ಆಡಿಸಿ ವಾಸನೆ ನೋಡಿತ್ತು. ಬಲಗಿವಿ ಹರಿದ ಆ ಇಲಿಗೆ ಹೆಸರಿಟ್ಟದ್ದು ಇವನೇ. ಮಿಕ್ಕವಕ್ಕೆ ನಂಬರು ಮಾತ್ರ. ಅಂಥ ಈಜುಗಾರ ಮೈಸೂರು ಸೀಮೆಯಲ್ಲಿ ಹುಟ್ಟಿರಲಿಲ್ಲ. ಬಿಟ್ಟಿದ್ದರೆ ಹಳೇಬೀಡಿನ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜಿ, ಅಲ್ಲಿ ಮೈ ಕೊಡವಿಕೊಂಡು ದೇವಸ್ಥಾನದ ಆನೆಗಳ ಸಾಲನ್ನು ನೋಡಿ ಬರುತ್ತಿತ್ತು. ಈಜು ಮುಗಿದ ಮೇಲೆ ಹಿಡಿಯಬೇಕಾಗಿರಲಿಲ್ಲ, ಅಂಗೈ ಚಾಚಿದರೆ ತಾನಾಗಿ ಹತ್ತಿ ಬರುತ್ತಿತ್ತು. ಟವೆಲಿನಲ್ಲಿ ಒರೆಸುವಾಗ ಕಣ್ಣು ಮುಚ್ಚುತ್ತಿತ್ತು. ಆ ದಿನವೂ ಅಂಗೈ ಚಾಚಿದ, ಹತ್ತಿ ಬಂತು. ಹೃದಯವನ್ನು ತೆಗೆದು ಮಂಜುಗಡ್ಡೆಯ ಮೇಲಿಟ್ಟಾಗ, ತಟ್ಟೆಯಲ್ಲಿ, ಮೈ ಬಿಟ್ಟು ಬಂದದ್ದು ತಿಳಿಯದೆ ಅದು ಇನ್ನೂ ಕೆಲವು ಸಲ ಮಿಡಿಯಿತು. ಇಂದುಧರ ಆಗ ತನ್ನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ನೋಡಿಕೊಂಡ. ಏನೂ ಇಲ್ಲ. ಎಂದಿನ ನಿಧಾನ. ಸಂಜೆ ಕ್ಯಾಂಟೀನಿನಲ್ಲಿ ಅದನ್ನೂ ಕೊಚ್ಚಿಕೊಂಡ, ‘ಒಂದು ಬಡಿತ ಹೆಚ್ಚಾಗ್ಲಿಲ್ಲ ಮಾರಾಯ.’ ಹೇಳದೆ ಬಿಟ್ಟದ್ದು ಇಷ್ಟು: ಲ್ಯಾಬಿನ ಮೆಟ್ಟಿಲಿಳಿಯುವಾಗ ಮೀನಖಂಡಗಳು ತಾವಾಗಿ ಕುಣಿಯತೊಡಗಿ, ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟಿದ್ದ.

ಬಳೆ ಸದ್ದಾಯಿತು. ಹೇಮಲತಾ ಬಂದಳು.

ಅವಳನ್ನು ಅವನು ಮೊದಲೇ ನೋಡಿದ್ದ. ಇದು ಮಾವನಿಗೂ ಗೊತ್ತಿಲ್ಲ. ಫೋಟೋ ಕೈಗೆ ಬಂದ ಮೇಲೆ ಒಂದು ಬೆಳಗ್ಗೆ ಮೊದಲ ಬಸ್ಸಿಗೆ ಹಳೇಬೀಡಿಗೆ ಬಂದಿಳಿದು, ಅಲ್ಲಿಂದ ಬೇಲೂರಿನವರೆಗೆ ಓಡಿದ್ದ. ದಾರಿಯಲ್ಲಿ ಹಿಂದೆ ಹಾಕಿದ ಬಸ್ಸುಗಳ ಲೆಕ್ಕವನ್ನು ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿದ. ಹೇಮಲತಾ ಬೇಲೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಜಾವಗಲ್ ಬಸ್ಸಿನಲ್ಲಿ ಬರುತ್ತಾಳೆ. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಮರೆಯಲ್ಲಿ ಬೆವರು ಸುರಿಸುತ್ತ ನಿಂತು ಕಾದ. ಇಳಿಯುವಾಗ ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅವಳು ಸುತ್ತಮುತ್ತ ನೋಡಲಿಲ್ಲ, ನಾಚಲಿಲ್ಲ, ಪಿನ್ನು ಹುಡುಕಲಿಲ್ಲ. ಎರಡನ್ನೂ ಕಳಚಿ, ಯಾರದೋ ಸಾಮಾನನ್ನು ತಲುಪಿಸಲು ಹೊರಟವಳಂತೆ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಬೇಲೂರಿನ ನಡುಬೀದಿಯಲ್ಲಿ ನಡೆದುಹೋದಳು. ಇವಳೇ, ಇನ್ನು ಯಾರೂ ಬೇಡ, ಎಂದು ಇಂದುಧರನಿಗೆ ಅನಿಸಿತು, ಅನಿಸಿದ್ದು ನಿಜ. ಕುತ್ತಿಗೆಯ ಮೇಲೆ ಬೆರಳಿಟ್ಟ. ಒಳಗಿನ ಆಸಾಮಿ ಏನೂ ನಡೆದೇ ಇಲ್ಲವೆಂಬಂತೆ ಒಂದು ಬಡಿದು, ಯೋಚಿಸಿ, ಇನ್ನೊಂದು ಬಡಿಯಿತು. ಕಾಲುಗಳು ಮಾತ್ರ ಅಪ್ಪಣೆ ಕೇಳದೆ ಅವಳ ಹಿಂದೆ ಶಾಲೆಯ ಗೇಟಿನವರೆಗೆ ಹೋಗಿ ಬಂದವು.

ಈಗ ಅವಳು ತಟ್ಟೆ ಹಿಡಿದು ಎದುರಿಗೆ ಬಗ್ಗಿದ್ದಳು. ಅವನು ತಲೆ ಎತ್ತಿ ನೋಡಿದ, ಮಾವ ಹೇಳಿಕೊಟ್ಟದ್ದಕ್ಕಿಂತ ಹೆಚ್ಚೇ ನೋಡಿದ. ಬಲಗೈಯಲ್ಲಿ ಲೋಟ ತೆಗೆದುಕೊಂಡ. ಮಹದೇವಮ್ಮನ ಬೆರಳುಗಳು ಇನ್ನೊಂದು ಎಳೆ ಬಿಗಿಯಾದವು. ಏಳು, ಎಂದ ತನ್ನೊಳಗೆ. ಏಳೋ. ಹೃದಯ ಎದ್ದು ಬಾಗಿಲಿಗೂ ಬರಲಿಲ್ಲ. ಅವನು ಗುಟ್ಟಾಗಿ ಉಸಿರು ಬಿಗಿಹಿಡಿದ. ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಯನ್ನು ನೆನೆದ. ಹಾವನ್ನು, ಬಾವಿಯನ್ನು, ಲ್ಯಾಬಿನ ಗೈಡಿನ ಮುಖವನ್ನು ನೆನೆದ. ಸತ್ಯವಂತ ಹೃದಯ, ಯಾವುದಕ್ಕೂ ಮೋಸಹೋಗಲಿಲ್ಲ. ಇತ್ತ ಕುರ್ಚಿಯ ಕೆಳಗೆ ಎರಡು ಹಿಮ್ಮಡಿಗಳೂ ನೆಲದ ಮೇಲೆ ಟಕಟಕಟಕ ಎಂದು ಸಣ್ಣಗೆ ತಾಳ ಹಾಕತೊಡಗಿದ್ದವು. ಒತ್ತಿ ಹಿಡಿದರೆ ಮೊಣಕಾಲು ನಡುಗಿತು, ಮೊಣಕಾಲು ಕೂಡಿಸಿದರೆ ತೊಡೆ. ಕೂಗಿದ್ದೆಲ್ಲ ಕೇಳಿಸಿದೆ ಕಾಲಿಗೆ! ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ ಎಂದು ಎದ್ದು ನಿಂತು ಕೇಳಬೇಕೆನಿಸಿತು, ಅಜ್ಜೀ, ನೀವು ಹಿಡಿದಿರುವ ಜಾಗ ತಪ್ಪು, ಕೈ ಬಿಟ್ಟು ಕಾಲು ಹಿಡಿಯಿರಿ. ಹಾಗೆ ಹೇಳಿದ ಗಂಡು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ತನ್ನ ಹೃದಯ ಕಿವುಡೆಂದು ಅವನೇ ಒಪ್ಪಿಕೊಂಡ ಹಾಗಾಗುತ್ತದೆ. ಕಿವುಡು ಹೃದಯಕ್ಕೆ ಯಾರು ಹೆಣ್ಣು ಕೊಡುತ್ತಾರೆ?

ಹೇಮಲತಾ ಚಾಪೆಯ ಮೇಲೆ ಅಜ್ಜಿಯ ಪಕ್ಕಕ್ಕೆ ಕೂತಳು. ಅಷ್ಟು ಕೆಳಗೆ ಕೂತವಳ ಕಣ್ಣಿಗೆ ಇಡೀ ಕೋಣೆಯಲ್ಲಿ ಅವನ ಹಿಮ್ಮಡಿಗಳಷ್ಟೇ ಕಾಣುವಂತಿದ್ದವು. ಅವಳು ಅವನ್ನು ನೋಡಿದಳು. ಮುಖದಲ್ಲಿ ನಗು ಬರಲಿಲ್ಲ, ಆದರೆ ನಗು ಇರುವ ಜಾಗದಲ್ಲಿ ಏನೋ ಅಲ್ಲಾಡಿತು.

‘ಅವ್ವಾ?’ ಎಂದ ಮರುಳಪ್ಪ.

ಮಹದೇವಮ್ಮ ಕಣ್ಣು ತೆರೆದು ಇಂದುಧರನನ್ನು ಮೊದಲ ಸಲ ನೋಡಿದಳು. ಕಾಯಿ ಕುಲುಕಿ, ಇನ್ನೂ ನೀರಿದೆ ಎಂದು ತಿಳಿದಾಗ ವ್ಯಾಪಾರಿಗಳು ನೋಡುವ ಹಾಗೆ, ಕೋಪವೇನಿಲ್ಲ. ‘ಎದ್ದಿಲ್ಲ’ ಎಂದಳು. ‘ಹೋದ್ ಸಲ ಬಂದಿದ್ದ ಕೊಪ್ಪಲಿನ ಆ ಇಂಜಿನಿಯರ್ ಹುಡುಗಂಗಾದ್ರೂ ಉಪ್ಪಿಟ್ಟು ಬಂದಾಗ ಎದ್ದಿತ್ತು. ಇವಂಗೆ ಅದೂ ಇಲ್ಲ. ಪಾಪ, ಬಲವಂತಕ್ಕೆ ಕರ್ಕೊಂಡ್ ಬಂದೀರಿ ನಂಜುಂಡಯ್ಯಾರೆ.’

‘ಅಯ್ಯೋ, ಬಲವಂತ ಎಲ್ಲಿ ಬಂತು ಕಣಮ್ಮಾರೆ, ಅವ್ನೇ ಕುಣ್ಕೊಂಡ್ ಬಂದ’ ಎಂದ ಮಾವ. ಮುಖ ಇಳಿದುಹೋಗಿತ್ತು. ‘ಹೇಳೋ, ಬಾಯಿ ಬಿಟ್ಟು ಹೇಳೋ ಇಂದೂ.’

ಏನೆಂದು ಹೇಳುವುದು? ಬಾಯಿಂದ ಹೇಳಿದ್ದನ್ನು ನಂಬುವ ಮನೆಯಲ್ಲ ಇದು. ಹುಟ್ಟಿದಂದಿನಿಂದ ಬಾಯಿಂದ ಊರೂರನ್ನೇ ಗೆದ್ದವನಿಗೆ ಈ ಒಂದು ಕೋಣೆಯಲ್ಲಿ ಬಾಯಿಗೆ ಬೆಲೆಯಿರಲಿಲ್ಲ. ಮುದುಕಿಯ ಬೆರಳುಗಳು ಸಡಿಲವಾಗತೊಡಗಿದವು. ಆ ಸಡಿಲವೇ ಹೆದರಿಸಿತು. ಅಮ್ಮ ಒಳಮನೆಯಿಂದ ಹೊರಬರುವುದು, ಚಪ್ಪಲಿ ಮೆಟ್ಟುವುದು, ಬಸ್ ಸ್ಟ್ಯಾಂಡಿನವರೆಗೆ ಯಾರೂ ಮಾತಾಡದಿರುವುದು, ಎಲ್ಲವೂ ಅದರಲ್ಲಿತ್ತು. ಅದರಾಚೆಗೆ ಬರಿಗಾಲಿನಲ್ಲಿ ಬೇಲೂರಿನ ಬೀದಿಯಲ್ಲಿ ನಡೆದುಹೋಗುವ ಹುಡುಗಿ ತಿರುಗಿಯೂ ನೋಡದಿರುವುದು ಇತ್ತು.

‘ಒಂದು ಕೇಳ್ಲಾ?’ ಎಂದಳು ಹೇಮಲತಾ. ದನಿ ತರಗತಿಯ ಹಿಂದಿನ ಬೆಂಚಿನವರೆಗೆ ತಲುಪುವಂಥದು. ‘ಈಜಿ ಆದ್ಮೇಲೆ, ಎಲ್ಲಾ ಮುಗಿದ್ಮೇಲೆ, ಆ ಇಲಿಗಳನ್ನ ಏನ್ ಮಾಡ್ತೀರಿ?’

ಮರುಳಪ್ಪ ಆಸಕ್ತಿಯಿಂದ ಮುಂದಕ್ಕೆ ಬಾಗಿದ. ಮಾವನ ಕಣ್ಣು ಇವನ ಕಾಲು ಮುರಿಯಲು ಸಿದ್ಧವಾಗಿತ್ತು. ಅವಳಿಗೆ ಗೊತ್ತಿರಬೇಕು, ಬಿ.ಎಸ್ಸಿ. ಓದಿದವಳು, ಕಪ್ಪೆ ಕೊಯ್ದಿರುತ್ತಾಳೆ. ಅಥವಾ ಗೊತ್ತಿಲ್ಲದೆಯೇ ಕೇಳಿದಳೋ. ಅವನು ಅವಳ ಮುಖವನ್ನೇ ನೋಡಿದ. ಅಲ್ಲಿ ಯಾವ ಅಂಚೂ ಸಿಗಲಿಲ್ಲ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಹೇಗಿದ್ದರೂ ಎದ್ದು ಹೋಗುವುದೇ, ನಿಜ ಹೇಳಿ ಹೋಗೋಣ. ಬಾಯಿಗೆ ತನ್ನದೇ ಚಾಳಿ.

‘ಬಿಟ್ಬಿಡ್ತೀವಿ’ ಎಂದ. ‘ಒರೆಸಿ, ಕಾಳು ತಿನ್ನಿಸಿ, ಬಿಟ್ಬಿಡ್ತೀವಿ.’

ಒರೆಸಿ ಎಂದದ್ದೇ ತಪ್ಪಾಯಿತು. ಎಲ್ಲಿತ್ತೋ ಆ ಟವೆಲು, ಅದರ ಒದ್ದೆ, ಅದರೊಳಗೆ ಮುಚ್ಚಿದ ಕಣ್ಣು, ಹರಿದ ಬಲಗಿವಿ. ಗಿಡ್ಡಯ್ಯ ಅಂಗೈ ಹತ್ತಿತು. ಅವನ ಎದೆಯಲ್ಲಿ ತಿಂಗಳುಗಳಿಂದ ಬಾಗಿಲು ಹಾಕಿಕೊಂಡು ಮಲಗಿದ್ದ ಯಾರನ್ನೋ ಒದ್ದು ಎಬ್ಬಿಸಿದಂತಾಯಿತು. ಧಡ್ ಎಂದಿತು. ಧಡ್ ಧಡ್ ಧಡ್ ಎಂದಿತು. ಮಾಲೇಕಲ್ಲಿನ ಮೆಟ್ಟಿಲುಗಳಲ್ಲಿ ಒಮ್ಮೆಯೂ ಹಾಗೆ ಬಡಿದಿರಲಿಲ್ಲ. ಅಟ್ಟದ ಕಾಯಿಗಳೆಲ್ಲ ಒಟ್ಟಿಗೆ ಉರುಳಿಬಿದ್ದವೆಂದು ಪಕ್ಕದ ಮನೆಯವರು ಹೊರಗೆ ಓಡಿ ಬರಬೇಕಿತ್ತು. ಕಿವಿಯಲ್ಲಿ, ಹಲ್ಲಿನಲ್ಲಿ, ಮಣಿಕಟ್ಟಿನಲ್ಲಿ ಬಡಿಯಿತು. ಕೈ ಎಳೆದುಕೊಳ್ಳಲು ನೋಡಿದ. ಇಕ್ಕಳ ಕಚ್ಚಿಕೊಂಡಿತು.

‘ಎದ್ದಿತು!’ ಎಂದಳು ಮಹದೇವಮ್ಮ. ಮುದುಕಿಯ ಮುಖದ ಸುಕ್ಕುಗಳೆಲ್ಲ ಒಮ್ಮೆಗೇ ಬಿಚ್ಚಿಕೊಂಡವು. ‘ಎದ್ದಿತು ಕಣೋ ಮರುಳಾ! ಶಿವನೇ, ಹೆಂಗ್ ಎದ್ದೈತೆ ನೋಡು ಬಾ! ಹುಡುಗಿ ಬಾಯಿ ಬಿಟ್ಟಿದ್ದೇ ತಡ, ಕುದುರೆ ಆಗ್ಬುಡ್ತು! ನನ್ನ ಜೀವಮಾನದಾಗೆ ಇಂಥ ನಾಡಿ ಹಿಡ್ದಿಲ್ಲ ಕಣಪ್ಪಾ!’

ಅವನು ಬದುಕಿನಲ್ಲಿ ಕೇಳಬೇಕೆಂದಿದ್ದ ಮಾತು ಅದೇ, ಅಕ್ಷರ ಅಕ್ಷರ ಅದೇ. ಮಾವ ಎದ್ದು ನಿಂತು ತಾನೇ ನಾಡಿ ಎಬ್ಬಿಸಿದವನಂತೆ ಎಲ್ಲರಿಗೂ ಕೈ ಮುಗಿದ. ಒಳಗಿನಿಂದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. ಯಾರೋ ಸಕ್ಕರೆ ತನ್ನಿ ಎಂದರು, ಯಾರೋ ಮಠಕ್ಕೆ ಹೇಳಿ ಕಳಿಸಬೇಕೆಂದರು, ಶ್ರಾವಣವೋ ಕಾರ್ತೀಕವೋ ಎಂದು ಆಗಲೇ ಮಾತು ಹತ್ತಿತು. ಮರುಳಪ್ಪ ಅವನ ಬಾಯಿಗೆ ಸಕ್ಕರೆ ಹಾಕಿ, ‘ನಮ್ಮವ್ವನ ಥರಾನೇ ನೀವು, ಇಲೀನೂ ಬಿಟ್ಟು ಕಳಿಸೋ ಜನ’ ಎಂದು ಹೆಗಲು ತಟ್ಟಿದ. ಸಕ್ಕರೆ ನಾಲಗೆಯ ಮೇಲೆ ಮರಳಿನಂತೆ ಕೂತಿತು. ಇಂದುಧರ ನಕ್ಕ. ಅವಳಿಗಾಗಿ ಏಳಲಿಲ್ಲ, ಎಂದು ಕೂಗಿದರೆ ಈಗ ಯಾರಿಗೂ ಕೇಳಿಸುವಂತಿರಲಿಲ್ಲ. ಕೇಳಿಸಿದರೆ ಅವಳು ಹೋಗುತ್ತಾಳೆ. ಕೇಳಿಸದಿದ್ದರೆ ಬದುಕಿಡೀ ಈ ಸುಳ್ಳಿನ ಪಕ್ಕದಲ್ಲಿ ಮಲಗುತ್ತಾಳೆ. ಎರಡು ಗೋಡೆಗಳೂ ಸಮ ನುಣುಪು.

ಹೃದಯ ಮೆಲ್ಲಗೆ ತನ್ನ ಹಳೆಯ ನಿಧಾನಕ್ಕೆ ಇಳಿಯುತ್ತಿತ್ತು. ಮಹದೇವಮ್ಮ ತೃಪ್ತಿಯಿಂದ ಉಸಿರು ಬಿಟ್ಟು, ಬೆರಳುಗಳನ್ನು ಒಂದೊಂದಾಗಿ ಎತ್ತತೊಡಗಿದಳು.

‘ಅಜ್ಜಿ, ಕೈ ಬಿಡಬೇಡ’ ಎಂದಳು ಹೇಮಲತಾ. ‘ಇನ್ನೊಂದು ಕೇಳೋದೈತೆ.’

‘ಕೇಳು ಕೇಳು ಮಗಳೇ, ಈಗ ನಿನ್ನ ಗಂಡ ತಾನೇ’ ಎಂದು ಮುದುಕಿ ಗಟ್ಟಿಯಾಗಿ ನಕ್ಕು, ಮತ್ತೆ ಹಿಡಿದಳು. ಎಲ್ಲರೂ ನಕ್ಕರು. ಹೇಮಲತಾ ನಗಲಿಲ್ಲ. ಅವಳು ಅವನ ಮುಖ ನೋಡಲಿಲ್ಲ, ಹಿಮ್ಮಡಿಗಳನ್ನೇ ನೋಡುತ್ತ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಪಾಠ ಹೇಳುವವರ ಸಮಾಧಾನದಲ್ಲಿ ಕೇಳಿದಳು:

‘ಅಟ್ಟದ ಇಲಿ ಬೋನನ್ನ ಕೆರೆ ಆಚೆಗೆ ಹೊತ್ಕೊಂಡು ಹೋಗಿ ಬಿಟ್ಟು ಬರೋಳು ನಾನೇ. ಎಷ್ಟು ದೂರ ಬಿಟ್ರೂ ಕೆಲವು ವಾಪಸ್ ಬಂದ್ಬಿಡ್ತವೆ. ನಿಮ್ಮವೂ ಬರ್ತವಾ?’

ಮುದುಕಿ ಕಣ್ಣು ಮುಚ್ಚಿ ತಲೆಯನ್ನು ಬಲಕ್ಕೆ ವಾಲಿಸಿದಳು. ಕುರ್ಚಿಯ ಕೆಳಗೆ, ನೆಲ ಸಿಗದ ಎರಡು ಕಾಲುಗಳು ಈಜತೊಡಗಿದವು.